ಚಡ್ಡಿ, ಮೆಟ್ಟಿಲು, ಟವೆಲ್: ಆಟಿಸಂ ಇರುವ ಮಗುವಿಗೆ ಮನೆಯಲ್ಲೇ ಬ್ಯಾಲೆನ್ಸ್ ಕಲಿಸುವುದು ಹೇಗೆ?

ಆರು ವರ್ಷ ಆಗುವವರೆಗೂ ನನ್ನ ಮಗ ಚಡ್ಡಿ ಹಾಕಿಕೊಳ್ಳಬೇಕಾದರೆ ನೆಲದ ಮೇಲೆ ಕೂರುತ್ತಿದ್ದ. ಅವನ ರೂಢಿ ಅಂತ ನಾವೂ ಬಿಟ್ಟಿದ್ದೆವು. ಒಮ್ಮೆ ನೆಂಟರ ಮನೆಗೆ ಹೋಗಿದ್ದಾಗ ಬಚ್ಚಲುಮನೆಯ ನೆಲ ಪೂರ್ತಿ ಒದ್ದೆ. ಒದ್ದೆ ತಾಗಿದರೆ ಅವನಿಗೆ ಆಗುವುದಿಲ್ಲ, ಹಾಗಾಗಿ ಕೂರಲಿಲ್ಲ. ನಿಂತು ಹಾಕಿಕೊಳ್ಳಲು ಬರುವುದಿಲ್ಲ. ಚಡ್ಡಿ ಕೈಯಲ್ಲಿ ಹಿಡಿದುಕೊಂಡು ಕಾಲು ಗಂಟೆ ಅತ್ತ. ಹೊರಗಿದ್ದವರು "ಎಷ್ಟು ಹಠ ನೋಡಿ" ಅಂದರು. ನಾನೂ ಗದರಿದೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಇವನು ಒಂದು ಕಾಲು ಎತ್ತಿ ನಿಂತಿದ್ದನ್ನು ನಾನು ಯಾವತ್ತೂ ನೋಡಿಯೇ ಇಲ್ಲ.

ಆಟಿಸಂ ಅಂದ ಕೂಡಲೇ ಎಲ್ಲರ ಗಮನ ಮಾತಿನ ಕಡೆ ಹೋಗುತ್ತದೆ. ಮಾತು ಬಂತಾ, ಮುಖ ನೋಡುತ್ತಾನಾ, ಹೆಸರು ಕರೆದರೆ ತಿರುಗುತ್ತಾನಾ. ಕಾಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಆಟಿಸಂ ಗುರುತಿಸುವ ಮುಖ್ಯ ಲಕ್ಷಣಗಳ ಪಟ್ಟಿಯಲ್ಲಿ ಸಮತೋಲನದ ತೊಂದರೆ ಸೇರಿಲ್ಲ, ಅದೂ ಒಂದು ಕಾರಣ ಇರಬೇಕು. ಆದರೆ ತೊಂದರೆ ಮಾತ್ರ ತುಂಬಾ ಮಕ್ಕಳಲ್ಲಿದೆ. 2020ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಆಟಿಸಂ ಇರುವ 11 ಸಾವಿರಕ್ಕೂ ಹೆಚ್ಚು ಮಕ್ಕಳ ಪಾಲಕರು ಒಂದು ಪ್ರಶ್ನಾವಳಿ ತುಂಬಿದ್ದರು. ಸುಮಾರು 87% ಮಕ್ಕಳಿಗೆ ಮೈಕೈ ಚಲನೆಯಲ್ಲಿ ತೊಂದರೆ ಇರಬಹುದು ಅನ್ನುವ ಸೂಚನೆ ಅದರಲ್ಲಿ ಸಿಕ್ಕಿತು.

ನಾನು ಥೆರಪಿಸ್ಟ್ ಅಲ್ಲ. ಮೂರು ವರ್ಷ ಓಟಿ (ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ), ಫಿಸಿಯೋಥೆರಪಿ ಅಂತ ಓಡಾಡಿ, ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಮಾಡಿ, ಅರ್ಧ ಕೆಡಿಸಿ, ಮತ್ತೆ ಸರಿ ಮಾಡಿದ ತಾಯಿ. ನನಗೆ ಗೊತ್ತಾದದ್ದು ಇಷ್ಟು: ವ್ಯಾಯಾಮದ ಪಟ್ಟಿ ಹಿಡಿದು ಶುರು ಮಾಡಬೇಡಿ. ದಿನದಲ್ಲಿ ಮಗುವಿನ ಕಾಲು ಎಲ್ಲಿ ಹಿಂಜರಿಯುತ್ತದೆ ಅಂತ ನೋಡಿ, ಅಲ್ಲಿಂದ ಶುರು ಮಾಡಿ.

ಮೊದಲು ನೀವೇ ಒಂದು ಕಾಲಲ್ಲಿ ನಿಂತು ನೋಡಿ

ಈಗಲೇ ಎದ್ದು ಒಂದು ಕಾಲಲ್ಲಿ ನಿಲ್ಲಿ. ಸುಲಭ, ಅಲ್ವಾ? ಗೋಡೆ ಕೈಗೆ ಸಿಗುವ ಹಾಗೆ ನಿಂತು ಕಣ್ಣು ಮುಚ್ಚಿ. ಪಾದ ಅತ್ತಿತ್ತ ಅಲ್ಲಾಡಲು ಶುರುವಾಯಿತಾ? ಈಗ ಹಾಸಿಗೆ ಮೇಲೆ ನಿಂತು ಅದನ್ನೇ ಮಾಡಿ. ಎರಡು ಸೆಕೆಂಡಿಗೆ ಕಾಲು ಕೆಳಗೆ ಬರುತ್ತದೆ.

ನಾವು ಬೀಳದೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರಬೇಕು. ಒಳಕಿವಿಯಲ್ಲಿರುವ ಪುಟ್ಟ ಅಂಗಗಳು ತಲೆ ಎತ್ತ ವಾಲಿದೆ, ತಿರುಗಿದೆ ಅಂತ ಹೇಳುತ್ತವೆ. ಕಣ್ಣು ಸುತ್ತಲಿನ ಗೋಡೆ, ನೆಲ ನೋಡಿ ಹೇಳುತ್ತದೆ. ಸ್ನಾಯು, ಕೀಲು, ಅಂಗಾಲು ಮೈ ಎಲ್ಲಿದೆ, ಭಾರ ಎಲ್ಲಿ ಬಿದ್ದಿದೆ ಅಂತ ಹೇಳುತ್ತವೆ. ಇವೆಲ್ಲವನ್ನೂ ಮಿದುಳು ಕ್ಷಣದಲ್ಲಿ ಕೂಡಿಸಿಕೊಳ್ಳುತ್ತದೆ. ಆಟಿಸಂ ಇರುವ ಹಲವು ಮಕ್ಕಳಲ್ಲಿ ಈ ಕೂಡಿಸುವ ಕೆಲಸ ಸಲೀಸಾಗಿ ನಡೆಯುವುದಿಲ್ಲ. ಸುಮ್ನೆ ನಿಂತಾಗಲೂ ಅವರ ಮೈ ಉಳಿದ ಮಕ್ಕಳಿಗಿಂತ ಜಾಸ್ತಿ ಅತ್ತಿತ್ತ ಓಲಾಡುತ್ತದೆ ಅಂತ ಹಲವು ಅಧ್ಯಯನಗಳು ಅಳತೆ ಮಾಡಿ ತೋರಿಸಿವೆ.

ಇದು ಗೊತ್ತಾದ ಮೇಲೆ ನನಗೆ ಒಂದು ಹಳೇ ಜಗಳ ಅರ್ಥವಾಯಿತು. ತಲೆಗೆ ನೀರು ಹಾಕುವಾಗ ಸೋಪು ಬಿದ್ದು ಕಣ್ಣು ಮುಚ್ಚಿದ ತಕ್ಷಣ ಅವನು ನನ್ನ ಕೊರಳು ಗಟ್ಟಿಯಾಗಿ ಹಿಡಿದು ಕಿರುಚುತ್ತಿದ್ದ. ನಾನು ನೀರಿನ ಭಯ ಅಂದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಅವನಿಗೆ ಕಾಲ ಕೆಳಗಿನ ನೆಲವೇ ಹೋಗಿಬಿಡುತ್ತಿತ್ತು. ಸ್ಟೂಲ್ ಮೇಲೆ ಕೂರಿಸಿ ನೀರು ಹಾಕಿದೆ. ಕಿರುಚಾಟ ನಿಂತಿತು.

ಒಂದು ವಾರ ಸುಮ್ನೆ ಗಮನಿಸಿ

ಕಲಿಸಲು ಹೋಗಬೇಡಿ. ನೋಡಿ, ಬರೆದಿಡಿ, ಸಾಧ್ಯವಾದರೆ ಫೋನಲ್ಲಿ ಸಣ್ಣ ವಿಡಿಯೋ ತೆಗೆದಿಡಿ. ಮುಂದೆ ಡಾಕ್ಟರಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆಸ್ಪತ್ರೆ ಕೋಣೆಯಲ್ಲಿ ಮಕ್ಕಳು ಏನನ್ನೂ ಮಾಡಿ ತೋರಿಸುವುದಿಲ್ಲ.

ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಾನಾ? ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಂಡಿಯನ್ ಟಾಯ್ಲೆಟ್‌ನಲ್ಲಿ ಕುಕ್ಕರುಗಾಲಲ್ಲಿ ಕೂರಲು ಆಗುತ್ತದಾ, ಇಲ್ಲ ಹಿಮ್ಮಡಿ ಮೇಲೇಳುತ್ತದಾ? ಎರಡೂ ಕಾಲು ಒಟ್ಟಿಗೆ ಎತ್ತಿ ಜಿಗಿಯುತ್ತಾನಾ? ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಲೇ ಇರುತ್ತಾನಾ? ಉಯ್ಯಾಲೆ ಕಂಡರೆ ಹೆದರುತ್ತಾನಾ, ಅಥವಾ ಎಷ್ಟು ತೂಗಿದರೂ ಸಾಕಾಗುವುದಿಲ್ಲವಾ? ತುದಿಗಾಲಲ್ಲಿ ನಡೆಯುತ್ತಾನಾ?

ಒಂದು ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ ಅಂತ ಎರಡೂ ಕಾಲಿಗೆ ಬೇರೆ ಬೇರೆ ಎಣಿಸಿ. ಸಾಮಾನ್ಯವಾಗಿ ಮೂರು ವರ್ಷದ ಮಗು ಒಂದೆರಡು ಸೆಕೆಂಡ್ ನಿಲ್ಲುತ್ತದೆ, ಐದು ವರ್ಷದ ಹೊತ್ತಿಗೆ ಹತ್ತು ಸೆಕೆಂಡಿನ ಹತ್ತಿರ ಬರುತ್ತದೆ. ನನ್ನ ಮಗ ಆರನೇ ವರ್ಷಕ್ಕೆ ಒಂದು ಸೆಕೆಂಡೂ ನಿಲ್ಲುತ್ತಿರಲಿಲ್ಲ. ಆ ಸಂಖ್ಯೆ ನೋಡಿ ಎದೆ ಒಡೆದುಕೊಳ್ಳಬೇಡಿ. ಮುಂದೆ ಹೋಲಿಸಿ ನೋಡುವುದಕ್ಕೆ ಅಷ್ಟೇ ಅದು.

ಡಾಕ್ಟರನ್ನು ಕೇಳಬೇಕಾದದ್ದು

ಮಗುವಿಗೆ ಫಿಟ್ಸ್ ಇದೆಯಾ? ಆಟಿಸಂ ಜೊತೆ ಫಿಟ್ಸ್ ಇರುವ ಮಕ್ಕಳು ಕಡಿಮೆಯಿಲ್ಲ. ಇದ್ದರೆ ಎತ್ತರ, ಉಯ್ಯಾಲೆ, ನೀರು, ಈ ಮೂರರ ಬಗ್ಗೆ ಮೊದಲೇ ಮಾತಾಡಿ. ಕೆಲವು ಫಿಟ್ಸ್ ಮಾತ್ರೆಗಳಿಂದಲೇ ನಡಿಗೆ ತೂರಾಡಬಹುದು. ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ತುದಿಗಾಲ ನಡಿಗೆ ತುಂಬಾ ದಿನದಿಂದ ಇದ್ದರೆ ಹಿಮ್ಮಡಿ ಹಿಂದಿನ ಸ್ನಾಯು ಬಿಗಿದುಕೊಂಡು ಗಿಡ್ಡ ಆಗಿರಬಹುದು. ಅದನ್ನು ಮನೆಯಲ್ಲಿ ಎಳೆದು ಸರಿ ಮಾಡಲು ಹೋಗದೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಇನ್ನೊಂದು ಮಾತು: ಚೆನ್ನಾಗಿ ನಡೆಯುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಬೀಳಲು ಶುರು ಮಾಡಿದರೆ ಅದನ್ನು ಆಟಿಸಂ ತಲೆಗೆ ಕಟ್ಟಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಲ್ಲರಿಗೂ ಗೊತ್ತು. ಹಲವು ಜಿಲ್ಲಾಸ್ಪತ್ರೆಗಳಲ್ಲೂ ಮಕ್ಕಳಿಗಾಗಿಯೇ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಇರುತ್ತದೆ, ಡಿಇಐಸಿ ಅಂತ ಕೇಳಿ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ಖರ್ಚಿನ ಒಂದು ಪಾಲೂ ಅದರಲ್ಲಿ ಬರುತ್ತದೆ. ಬಿಲ್ ಎತ್ತಿಡಿ.

ಹತ್ತು ನಿಮಿಷ, ದಿನಾ ಅದೇ ಹೊತ್ತು

ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಾ ಹತ್ತು ನಿಮಿಷ ಮೇಲು. ಊಟಕ್ಕೆ ಮುಂಚೆ ಮಾಡಿ. ಬರಿಗಾಲಲ್ಲಿ ಮಾಡಿಸಿ, ಅಂಗಾಲಿಗೆ ನೆಲ ತಿಳಿಯಬೇಕು. ಟೈಲ್ಸ್ ಜಾರುತ್ತಿದ್ದರೆ ಜಮಖಾನ ಬೇಡ, ಅದೂ ಜಾರುತ್ತದೆ. ಯೋಗ ಮ್ಯಾಟ್ ಹಾಸಿ.

ಏನೇನು ಮಾಡುತ್ತೇವೆ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸಿ. ಮುಗಿದದ್ದನ್ನು ಅವನೇ ಕಿತ್ತು ಡಬ್ಬಕ್ಕೆ ಹಾಕಲಿ. ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಂಡರೆ ಅರ್ಧ ಗಲಾಟೆ ಕಡಿಮೆ. ಮಾತು ಆದಷ್ಟು ಕಮ್ಮಿ ಇರಲಿ. "ಬಾ ಕಂದ, ಇಲ್ಲಿ ನಿಂತ್ಕೊ, ಕಾಲು ಮೇಲೆತ್ತು, ಅಮ್ಮನ್ನ ನೋಡು, ಬೀಳಲ್ಲ" ಅಂತ ಒಂದೇ ಉಸಿರಲ್ಲಿ ಹೇಳಿದರೆ ಅದರಲ್ಲಿ ನಾಲ್ಕು ಕೆಲಸ ಇದೆ. "ಕಾಲು ಮೇಲೆ" ಅನ್ನಿ. ನೀವು ಮಾಡಿ ತೋರಿಸಿ. ಆಮೇಲೆ ಮನಸ್ಸಲ್ಲೇ ಹತ್ತು ಎಣಿಸುತ್ತಾ ಸುಮ್ಮನಿರಿ. ಹೇಳಿದ್ದು ತಲೆಗೆ ಹೋಗಿ ಕಾಲಿಗೆ ಇಳಿಯಲು ಕೆಲವು ಮಕ್ಕಳಿಗೆ ಅಷ್ಟು ಹೊತ್ತು ಬೇಕು. ನಾವು ಮೂರಕ್ಕೇ ಮತ್ತೆ ಹೇಳಿ ಎಲ್ಲ ಅಳಿಸಿಬಿಡುತ್ತೇವೆ.

ನನ್ನ ಮಗನಿಗೆ ಫ್ಯಾನ್ ಅಂದರೆ ಪ್ರಾಣ. "ಮೊದಲು ನಡಿಗೆ, ಆಮೇಲೆ ಫ್ಯಾನ್." ಈ ನಾಲ್ಕು ಪದದಲ್ಲೇ ನಮ್ಮ ಮೂರು ತಿಂಗಳು ನಡೆಯಿತು. ನಿಮ್ಮ ಮಗುವಿಗೆ ಬಸ್ಸೋ ನೀರಿನ ನಲ್ಲಿಯೋ ಇರಬಹುದು.

ಮೊದಲು ಮೈಗೆ ಬಲ

ಆಟಿಸಂ ಇರುವ ಎಷ್ಟೋ ಮಕ್ಕಳ ಸ್ನಾಯು ಸ್ವಲ್ಪ ಸಡಿಲ ಇರುತ್ತದೆ. ಬೆನ್ನು, ಹೊಟ್ಟೆ, ಸೊಂಟದಲ್ಲಿ ಬಿಗಿ ಇಲ್ಲದೆ ಒಂದು ಕಾಲಲ್ಲಿ ನಿಲ್ಲಿಸಲು ಹೋದರೆ ಬುಡ ಇಲ್ಲದ ಕಂಬ ನೆಟ್ಟ ಹಾಗೆ. ಆನೆ ಹಾಗೆ ಕೈಕಾಲಲ್ಲಿ ನಡೆಯುವುದು, ಏಡಿ ಹಾಗೆ ಮುಖ ಮೇಲೆ ಮಾಡಿ ಅಡ್ಡಡ್ಡ ಹೋಗುವುದು, ಕಪ್ಪೆ ಹಾಗೆ ಕುಪ್ಪಳಿಸುವುದು, ಬಟ್ಟೆ ತುಂಬಿದ ಬಕೆಟ್ಟನ್ನು ನೆಲದ ಮೇಲೆ ತಳ್ಳುವುದು. ಚಪಾತಿ ಹಿಟ್ಟು ನಾದುವುದೂ ಭುಜಕ್ಕೆ ಕೆಲಸ. ಕುಕ್ಕರುಗಾಲಲ್ಲಿ ಕೂತು ಅವರೆಕಾಳು ಆರಿಸಿ ಬಟ್ಟಲಿಗೆ ಹಾಕುವುದನ್ನು ಯಾವ ಥೆರಪಿ ಪುಸ್ತಕದಲ್ಲೂ ನಾನು ನೋಡಿಲ್ಲ. ನಮ್ಮ ಮನೆಯಲ್ಲಿ ಟಾಯ್ಲೆಟ್ ಸಮಸ್ಯೆ ಬಿಡಿಸಿದ್ದು ಅದೇ.

ಹೊರುವ ಕೆಲಸ ಕೊಡುವುದಾದರೆ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರದಿರಲಿ. 2020ರ ಶಾಲಾ ಬ್ಯಾಗ್ ನೀತಿಯಲ್ಲೂ ಇದೇ ಲೆಕ್ಕ. ಇಪ್ಪತ್ತು ಕಿಲೋ ಮಗುವಿಗೆ ಎರಡು ಕಿಲೋ ಅಕ್ಕಿ ಸಾಕು. ಹಾಗೇ ಉಪ್ಪಿನ ಮೂಟೆ ಆಟ: ನೀವು ಮಗುವನ್ನು ಬೆನ್ನ ಮೇಲೆ ಹೊತ್ತು "ಉಪ್ಪು ಬೇಕಾ ಉಪ್ಪು" ಅಂತ ಮನೆಯೆಲ್ಲ ಸುತ್ತುವುದು. ಬೀಳದ ಹಾಗೆ ಅಪ್ಪಿ ಹಿಡಿಯುವಾಗ ಅವನ ಕೈ, ತೊಡೆ, ಹೊಟ್ಟೆ ಎಲ್ಲ ದುಡಿಯುತ್ತವೆ. ನಿಮ್ಮ ಸೊಂಟ ಗಟ್ಟಿ ಇದ್ದರೆ ಮಾತ್ರ.

ಗೆರೆ ಮೇಲೆ ನಡಿಗೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳಬೇಕು. ನಾವು ಹೋಗುತ್ತಿದ್ದ ಒಂದು ಥೆರಪಿ ಕೇಂದ್ರದಲ್ಲಿ ಎರಡನೇ ದಿನವೇ ಅವನನ್ನು ಅಲ್ಲಾಡುವ ಹಲಗೆ ಮೇಲೆ ನಿಲ್ಲಿಸಿದರು. ಅತ್ತ. "ರೂಢಿ ಆಗುತ್ತೆ" ಅಂದರು. ಆಗಲಿಲ್ಲ. ಆ ಹಲಗೆ ಇದ್ದ ಕೋಣೆಗೇ ಕಾಲಿಡದ ಹಾಗಾದ. ಹೊಸಿಲು ದಾಟಲು ಹೆದರುವ ಮಗುವಿಗೆ ಅಲ್ಲಾಡುವ ಹಲಗೆ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಮೊದಲ ಮೆಟ್ಟಿಲು ತೋರಿಸಿದ್ದು ನಮ್ಮತ್ತೆ. ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಎರಡು ಉದ್ದ ಗೆರೆ ಎಳೆದರು, ನಡುವೆ ಒಂದೂವರೆ ಗೇಣು ಜಾಗ. ಅದು ರಸ್ತೆ. ಅವನು ಆ ರಸ್ತೆಯಲ್ಲಿ ಬಸ್ಸು. ಒಂದು ವಾರ ಬಿಟ್ಟು ರಸ್ತೆ ಒಂದು ಗೇಣಾಯಿತು, ಆಮೇಲೆ ಅರ್ಧ ಗೇಣು, ಆಮೇಲೆ ಒಂದೇ ಗೆರೆ. ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಇಡುವ ನಡಿಗೆ ಎಲ್ಲಕ್ಕಿಂತ ಕಷ್ಟ, ಅದಕ್ಕೆ ಅವಸರ ಬೇಡ. ನಂತರ ಗೆರೆ ಜಾಗದಲ್ಲಿ ದಪ್ಪ ಹಗ್ಗ, ಮಡಿಸಿದ ಕಂಬಳಿ, ಆಮೇಲೆ ಅಲ್ಲಾಡದ ಹಾಗೆ ಜೋಡಿಸಿದ ಇಟ್ಟಿಗೆ ಸಾಲು. ಊರಲ್ಲಿ ಗದ್ದೆ ಇದ್ದವರಿಗೆ ಇದ್ಯಾವುದೂ ಬೇಡ. ಅಗಲವಾದ ಬದು, ಬಿದ್ದರೆ ಮೆತ್ತನೆ ಕೆಸರು. ಮಲೆನಾಡಿನವರು ಕಾಲುಸಂಕದ ಮೇಲೆ ಮಾತ್ರ ಪ್ರಯೋಗ ಮಾಡಬೇಡಿ, ದಯವಿಟ್ಟು.

ಗೆರೆ ಮೇಲೆ ನಡೆಸುವಾಗ ನಾನು ಅವನ ಬಲಗೈ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಅವನು ಪ್ರತಿ ಸಲ ಬಲಕ್ಕೇ ವಾಲುತ್ತಿದ್ದ. ಅತ್ತೆ ಜಗುಲಿ ಮೇಲೆ ಕೂತು ನೋಡುತ್ತಿದ್ದವರು, "ಕೈ ಬಿಡಮ್ಮ, ನೀನೇ ಎಳೀತಿದ್ದೀಯ ಅವನನ್ನ" ಅಂದರು. ನಿಜ. ನನ್ನ ಕೈಯೇ ಅವನ ಗೋಡೆಯಾಗಿತ್ತು. ಆದರೆ ಕೈ ಬಿಟ್ಟರೆ ಅವನು ಹೆಜ್ಜೆಯೇ ಇಡುತ್ತಿರಲಿಲ್ಲ.

ಕೊನೆಗೆ ಹೆಗಲ ಮೇಲಿದ್ದ ಟವೆಲ್ ಕೊಟ್ಟೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನಡುವೆ ಬಿಗಿ. ಟವೆಲ್ ಮೇಲೆ ಭಾರ ಹಾಕಲು ಆಗುವುದಿಲ್ಲ, ಆದರೆ ಅಮ್ಮ ಇದ್ದಾಳೆ ಅಂತ ಗೊತ್ತಾಗುತ್ತದೆ. ನಾಲ್ಕೈದು ದಿನಕ್ಕೆ ಬಿಗಿ ಸ್ವಲ್ಪ ಸಡಿಲ ಮಾಡಿದೆ. ಆಮೇಲೆ ಇನ್ನಷ್ಟು. ಒಂದು ಸಂಜೆ ನನ್ನ ತುದಿಯನ್ನು ಸದ್ದಿಲ್ಲದೆ ಬಿಟ್ಟೆ. ಟವೆಲ್ ನೆಲದ ಮೇಲೆ ಎಳೆದುಕೊಂಡು ಅವನು ಗೆರೆಯ ಕೊನೆವರೆಗೂ ಹೋದ. ಆಮೇಲೆ ಮೂರು ವಾರ ಆ ಟವೆಲ್ ಇಲ್ಲದೆ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಇರಲಿ ಬಿಡಿ, ಒಗೆಯಲು ಕೊಟ್ಟರೆ ಸಾಕಿತ್ತು ನನಗೆ.

ಒಂದು ಕಾಲು

ನೇರ "ಒಂದು ಕಾಲಲ್ಲಿ ನಿಲ್ಲು" ಅಂದರೆ ಯಾವ ಮಗುವೂ ನಿಲ್ಲುವುದಿಲ್ಲ. ಅದಕ್ಕೊಂದು ನೆಪ ಬೇಕು. ಚೆಂಡು ಒದೆಯುವುದು ಅಂದರೆ ಅರ್ಧ ಸೆಕೆಂಡ್ ಒಂದು ಕಾಲಲ್ಲಿ ನಿಂತ ಹಾಗೇ. ಸೋಪಿನ ಗುಳ್ಳೆ ಊದಿ ಕಾಲಲ್ಲಿ ತುಳಿದು ಒಡೆಸಿ. ಒಂದು ಪಾದವನ್ನು ಕೆಳಗಿಟ್ಟ ದಪ್ಪ ಪುಸ್ತಕದ ಮೇಲೆ ಇಡಿಸಿ ಹತ್ತು ಎಣಿಸಿ. ಆಮೇಲೆ ಪುಸ್ತಕದ ಜಾಗದಲ್ಲಿ ಚೆಂಡು. ಚೆಂಡು ಉರುಳುವುದರಿಂದ ಭಾರವೆಲ್ಲ ನಿಂತ ಕಾಲಿಗೇ ಬರುತ್ತದೆ.

ಚಡ್ಡಿ ಕಲಿಸುವುದನ್ನು ಹಿಂದಿನಿಂದ ಶುರು ಮಾಡಿ. ಬೆನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಎರಡೂ ಕಾಲು ನೀವೇ ತೂರಿಸಿ, ಮೇಲೆಳೆಯುವುದು ಮಾತ್ರ ಅವನು ಮಾಡಲಿ. ಅದು ಬಂದ ಮೇಲೆ ಎರಡನೇ ಕಾಲು ಅವನೇ ಹಾಕಲಿ. ಕೊನೆಗೆ ಮೊದಲ ಕಾಲು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗಿರುತ್ತಾನೆ. ಗೋಡೆ ಬಿಡಿಸುವುದು ಕಟ್ಟಕಡೆಗೆ.

ಆಟಗಳಲ್ಲಿ ಕೆರೆ-ದಡ ನನಗೆ ತುಂಬಾ ಇಷ್ಟ. ಎರಡು ಕಾಲಲ್ಲಿ ಜಿಗಿಯುವುದೂ ಇದೆ, ಕೇಳಿಸಿಕೊಂಡು ನಿಲ್ಲುವುದೂ ಇದೆ. ಕೆರೆಗೆ ನೀಲಿ ಬಟ್ಟೆ, ಯೋಗ ಮ್ಯಾಟ್ ಕೆಳಗೆ ಅರ್ಧ ಸಿಕ್ಕಿಸಿ, ಜಾರಬಾರದು. ನಿಧಾನಕ್ಕೆ ಹೇಳಿ. ಮೋಸ ಮಾಡಿ ತಪ್ಪಿಸುವುದು, ಔಟ್ ಮಾಡುವುದು ಸದ್ಯಕ್ಕೆ ಬೇಡ. ಕುಂಟೆಬಿಲ್ಲೆ ಮನೆಗಳನ್ನು ಮೊದಲು ಎರಡೂ ಕಾಲಲ್ಲಿ ಜಿಗಿದು ದಾಟಲಿ. ಕುಂಟುವುದು ಮುಂದಿನ ವರ್ಷದ ಮಾತಾದರೂ ಪರವಾಗಿಲ್ಲ.

ಉಯ್ಯಾಲೆ: ಎಷ್ಟು, ಎಲ್ಲಿಗೆ ನಿಲ್ಲಿಸಬೇಕು

ಹಿಂದಕ್ಕೂ ಮುಂದಕ್ಕೂ ಒಂದೇ ಲಯದಲ್ಲಿ ತೂಗುವುದು ಹೆಚ್ಚಿನ ಮಕ್ಕಳಿಗೆ ಸಮಾಧಾನ ಕೊಡುತ್ತದೆ. ಗರಗರ ತಿರುಗಿಸುವುದು ಬೇರೆ ಲೆಕ್ಕ, ಅದು ಕೆರಳಿಸಬಹುದು. ಕೆಲವು ಮಕ್ಕಳು ಎಷ್ಟು ತಿರುಗಿದರೂ ತಲೆಸುತ್ತಿದ ಹಾಗೆ ಕಾಣುವುದಿಲ್ಲ. ಹಾಗಂತ ಬಿಡಬೇಡಿ, ಅರ್ಧ ಗಂಟೆ ಬಿಟ್ಟು ವಾಂತಿ ಬರಬಹುದು. ಮುಖ ಬಿಳಿಚಿಕೊಂಡರೆ, ಬೆವರಿದರೆ, ಸುಮ್ಮಸುಮ್ಮನೆ ಆಕಳಿಸಿದರೆ ಅಥವಾ ಕಾರಣ ಇಲ್ಲದೆ ನಗಲು ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಹೆದರುವ ಮಗುವಿಗೆ ಉಯ್ಯಾಲೆ ಹಲಗೆ ಎಷ್ಟು ಕೆಳಗಿರಬೇಕು ಅಂದರೆ ಎರಡೂ ಪಾದ ನೆಲಕ್ಕೆ ಊರಬೇಕು. ನಿಲ್ಲಿಸುವುದು ತನ್ನ ಕೈಯಲ್ಲಿದೆ, ಅಲ್ಲ ಕಾಲಲ್ಲಿದೆ, ಅಂತ ಗೊತ್ತಾದರೆ ತಾನೇ ತೂಗಿಕೊಳ್ಳುತ್ತಾನೆ.

ಟ್ರ್ಯಾಂಪೊಲಿನ್ ಕೊಳ್ಳಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಮನೆಯಲ್ಲಿ ಅದು ಬೇಡ ಅನ್ನುತ್ತದೆ, ಕೈಕಾಲು ಮುರಿತ ಜಾಸ್ತಿ. ಹಳೇ ಹತ್ತಿ ಹಾಸಿಗೆ ನೆಲಕ್ಕೆ ಹಾಕಿ, ನೀವು ಜೊತೆಗಿರಿ.

ಬರೀ ಬ್ಯಾಲೆನ್ಸ್ ಸಾಲದು, ಬೆವರಲೂ ಬೇಕು

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಷ್ಟು ಓಡಾಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅಂಗವಿಕಲ ಮಕ್ಕಳಿಗೂ ಅದೇ ಗುರಿ. ಕೇಳಿದರೆ ಗಾಬರಿ ಆಗುತ್ತದೆ. ಅದೇ ಸಂಸ್ಥೆ ಸ್ವಲ್ಪ ಮಾಡಿದರೂ ಏನೂ ಮಾಡದ್ದಕ್ಕಿಂತ ಮೇಲು ಅಂತಲೂ ಹೇಳಿದೆ, ನಾನು ಅದನ್ನು ಹಿಡಿದುಕೊಂಡಿದ್ದೇನೆ. ಹಾಲಿನ ಅಂಗಡಿಗೆ ಹತ್ತು ನಿಮಿಷ ನಡಿಗೆ, ಸಂಜೆ ಇಪ್ಪತ್ತು ನಿಮಿಷ ಪಾರ್ಕು, ಹೀಗೆ ತುಂಡು ತುಂಡಾಗಿ ಸೇರಿಸಿ.

ಸೈಕಲ್‌ಗೆ ಪಕ್ಕದ ಪುಟ್ಟ ಚಕ್ರ ಹಾಕಿಸಬೇಡಿ. ಅದರಲ್ಲಿ ಪೆಡಲ್ ತುಳಿಯುವುದು ಬರುತ್ತದೆ, ಬ್ಯಾಲೆನ್ಸ್ ಬರುವುದಿಲ್ಲ. ಎರಡೂ ಪೆಡಲ್ ಬಿಚ್ಚಿಸಿ, ಸೀಟು ಇಳಿಸಿ, ಕಾಲಲ್ಲಿ ನೆಲ ತಳ್ಳಿಕೊಂಡು ಹೋಗಲು ಬಿಡಿ. ಎಡಗಡೆ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ನಮ್ಮನೆಯವರು ಅರ್ಧ ಗಂಟೆ ಅದನ್ನು ಇನ್ನೂ ಬಿಗಿ ಮಾಡುತ್ತಾ ಕೂತಿದ್ದರು.

ನೀರನ್ನು ಎಷ್ಟೋ ಮಕ್ಕಳು ಇಷ್ಟಪಡುತ್ತಾರೆ, ಈಜು ಒಳ್ಳೆಯ ವ್ಯಾಯಾಮ. ಆದರೆ ಅದೇ ಇಷ್ಟ ಅಪಾಯವೂ ಹೌದು. ಆಟಿಸಂ ಇರುವ 14 ವರ್ಷದವರೆಗಿನ ಮಕ್ಕಳು ನೀರಲ್ಲಿ ಮುಳುಗಿ ಸಾಯುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು 160 ಪಟ್ಟು ಅಂತ 2017ರ ಅಮೆರಿಕದ ಅಧ್ಯಯನ ಒಂದು ಲೆಕ್ಕ ಹಾಕಿತ್ತು. ನಮ್ಮಲ್ಲಿ ಬಾವಿ, ಕೆರೆ, ಕೃಷಿ ಹೊಂಡ ಎಲ್ಲ ತೆರೆದೇ ಇರುತ್ತವೆ. ಗೇಟಿಗೆ ಚಿಲಕ, ನೀರಿನ ಸಂಪ್ ಮುಚ್ಚಳಕ್ಕೆ ಬೀಗ ಮೊದಲು. ಈಜು ಆಮೇಲೆ.

ಶಾಲೆಯ ವಿಷಯ. ಪಿಟಿ ಪೀರಿಯಡ್‌ನಲ್ಲಿ ನನ್ನ ಮಗನನ್ನು ಒಂದು ವರ್ಷ ಮರದ ಕೆಳಗೆ ಕೂರಿಸಿದ್ದರು, ಬಿದ್ದರೆ ಯಾರು ಜವಾಬ್ದಾರಿ ಅಂತ. ಜಗಳ ಆಡಿ ಉಪಯೋಗ ಆಗಲಿಲ್ಲ. ಮಾಡಬಹುದಾದ ಮೂರು ಕೆಲಸ ಬರೆದು ಕೊಟ್ಟೆ: ಲಗೋರಿ ಕಲ್ಲು ಜೋಡಿಸುವುದು, ಚೆಂಡು ತಂದುಕೊಡುವುದು, ಮೈದಾನದ ಸುಣ್ಣದ ಗೆರೆ ಮೇಲೆ ಒಂದು ಸುತ್ತು. ಬೇಡದ ಎರಡನ್ನೂ ಬರೆದೆ: ಹಿಂದಿನಿಂದ ತಳ್ಳುವುದು, ಕಿವಿ ಹತ್ತಿರ ಸೀಟಿ ಊದುವುದು. ಮೇಷ್ಟ್ರು ಅದನ್ನು ಮಡಚಿ ಜೇಬಲ್ಲಿಟ್ಟುಕೊಂಡರು. ಮಾರನೇ ವಾರದಿಂದ ಅವನು ಲಗೋರಿ ಜೋಡಿಸುತ್ತಿದ್ದ.

ಇದರಿಂದ ಆಟಿಸಂ ಹೋಗುತ್ತದಾ ಅಂತ ನೆಂಟರು ಕೇಳುತ್ತಾರೆ. ಹೋಗುವುದಿಲ್ಲ. ಕೈ ಬಡಿಯುವುದು, ತೂಗಾಡುವುದು ನಿಲ್ಲಲಿ ಅಂತ ಇದನ್ನು ಮಾಡಿಸಬೇಡಿ, ಅದು ಅವನ ಸಮಾಧಾನದ ದಾರಿ. ನಮಗೆ ಬೇಕಾದದ್ದು ಬಸ್ಸು ಬ್ರೇಕ್ ಹಾಕಿದಾಗ ಬೀಳದಿರುವುದು, ದೇವಸ್ಥಾನದ ಮೆಟ್ಟಿಲು ಇಳಿಯುವುದು. ಜ್ವರ ಬಂದರೆ, ಊರಿಗೆ ಹೋಗಿ ಬಂದರೆ ಕಲಿತದ್ದು ಹಿಂದೆ ಸರಿಯುತ್ತದೆ. ಎರಡು ಮೆಟ್ಟಿಲು ಕೆಳಗಿಳಿದು ಮತ್ತೆ ಶುರು ಮಾಡಿ.

ಭಾನುವಾರ ಭಾನುವಾರ ಒಂದು ಕಾಲಲ್ಲಿ ನಿಂತ ಸೆಕೆಂಡುಗಳನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಮಗನಿಗೆ ಈಗ ಒಂಬತ್ತು. ಕಳೆದ ಭಾನುವಾರ ಬಲಗಾಲು 7, ಎಡಗಾಲು 4. ಚಡ್ಡಿಯನ್ನು ನಿಂತೇ ಹಾಕಿಕೊಳ್ಳುತ್ತಾನೆ, ಬಲಗಾಲು ತೂರಿಸುವಾಗ ಮಾತ್ರ ಇನ್ನೂ ಗೋಡೆ ಬೇಕು.